ದೊಡ್ಡ ಡಿಷ್ ಮತ್ತು ಶೇಂಗಾ ಚೀಲ

ನಮ್ಮ ಇಟ್ಟಿಗಿ ಊರಿನಲ್ಲಿ ಡಿಷ್ ಕೂರಿಸಬಲ್ಲ ಗಂಡು ಇದ್ದರೆ ಅದು ನಾನೇ ಎಂದು ತೀರ್ಮಾನಿಸಿ, ಹಡಗಲಿಯ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಡಿಷ್ ಹೊತ್ತು ತಂದೆ. ಡಿಷ್ ದೊಡ್ಡದಾದಷ್ಟೂ ಚಿತ್ರ ದೊಡ್ಡದು ಎಂಬುದು ನನ್ನ ಸಿದ್ಧಾಂತ!

ಅವಸರಕ್ಕೆ ಕಾರಣವಿತ್ತು. ಟೀವಿಯವರು ರೆಕಾರ್ಡ್ ಮಾಡಿಕೊಂಡು ಹೋಗಿದ್ದ ನನ್ನ ಹೆಂಡತಿ ನಾಗರತ್ನಳ ಸೋಬಾನೆ ಹಾಡು, ಜೊತೆಗೆ ಅವಳ ಸಂದರ್ಶನ, ಆ ಸಂಜೆಯೇ ಬರುವುದಿತ್ತು.

"ಹುಲುಗೇಶಗ ಫೋನ್ ಮಾಡ್ರಿ, ಅವನ ಕಸುಬ ಅದು," ಎಂದಳು.

"ಅವ ಬಂದು ಮಣ್ಣಿನ ಮಾಳಗಿಗೆ ತೂತು ಕೊರದ್ರ, ಮಳಿಗಾಲದಾಗ ಟೀವಿ ತಲಿ ಮ್ಯಾಲ ಬಕೀಟು ಇಡ್ತಿಯೇನು?"

ತೂತಿಲ್ಲದ ಉಪಾಯ ನನ್ನಲ್ಲಿತ್ತು. ಮಾಳಿಗೆಯ ಮೇಲೆ ಒಣಗಿಸಿ ಕಟ್ಟಿಟ್ಟ ಶೇಂಗಾ ಚೀಲಗಳಿದ್ದವು. ಡಿಷ್ ಕಂಬವನ್ನು ನಡುವೆ ನಿಲ್ಲಿಸಿ ಸುತ್ತ ಚೀಲ ಒತ್ತಿದೆ. ಬೆಳಕಿಂಡಿಗೆ ಬಾಯಿಟ್ಟು, "ಬಂತೇನ?" ಎಂದು ಕೂಗುತ್ತ ತಿರುಗಿಸಿದೆ. "ಬಂತ್ರಿ!" ಎಂದಳು. ಇಳಿದು ಬಂದು ವಿಜಯದ ಚಹಾ ಕುಡಿದೆ.

ಸಂಜೆ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ ಕುಳಿತಿತ್ತು. ಕಾರ್ಯಕ್ರಮ ಶುರುವಾಗಬೇಕು, ಟೀವಿ ಕಪ್ಪಾಯಿತು! ಮೇಲೆ ಓಡಿದರೆ ಡಿಷ್ ಅಂಗಾತ ಮಲಗಿದೆ, ಒಂದು ಚೀಲ ನಾಪತ್ತೆ.

"ಅವ್ವಾ, ಇಲ್ಲಿದ್ದ ಚೀಲ ಎಲ್ಲಿ?" ಎಂದು ಬೆಳಕಿಂಡಿಯಿಂದ ಕೂಗಿದೆ.

"ಬಂದ ಮಂದಿಗೆ ಶೇಂಗಾ ಹುರದು ಕೊಡಬ್ಯಾಡೇನಪ? ಈಗ ಬಾಜೂ ಮನಿ ಪಾಲಣ್ಣನ ಕೈಲೆ ಇಳಿಸೀನಿ!"

ಚೀಲ ಮತ್ತೆ ಹತ್ತಿಸಲು ಪುರುಸೊತ್ತಿಲ್ಲ. ನಾನೇ ಚೀಲವಾದೆ! ಡಿಷ್ ಎತ್ತಿ ಮೊದಲಿನ ದಿಕ್ಕಿಗೇ ತಿರುಗಿಸಿ, ಎರಡೂ ಕೈಯಲ್ಲಿ ಕಂಬ ತಬ್ಬಿ ನಿಂತೆ. ಬೆಳಕಿಂಡಿಯಲ್ಲಿ ಕಂಡದ್ದು ಓಣಿಯವರ ನೆತ್ತಿಗಳು ಮಾತ್ರ, ಆದರೆ ಹಾಡು ಕೇಳಿಸಿತು. ಚೆನ್ನಾಗಿ ಹಾಡಿದ್ದಳು. ನಿಜಕ್ಕೂ ಹೆಮ್ಮೆಯಾಯಿತು.

ಹಾಡು ಮುಗಿದ ಮೇಲೆ ಟೀವಿಯ ಹುಡುಗಿ ಕೇಳಿದಳು: "ನಿಮಗೆ ಬೆಂಬಲ ಯಾರು?"

"ನಮ್ಮ ಮನಿಯವರ್ರಿ. ಒಂದ್ ಕೆಲಸ ಹಿಡದ್ರ ಮುಗಿಯೋ ಮಟ ಬಿಡಾಂಗಿಲ್ಲ ಅವ್ರು…"

ಓಣಿ ಚಪ್ಪಾಳೆ ತಟ್ಟಿತು. ನನಗೆ ತಡೆಯಲಾಗಲಿಲ್ಲ. ಎರಡೂ ಕೈಯಿಂದ ಮೀಸೆ ತಿರುವಿದೆ!

ಡಿಷ್ ದೊಪ್ಪನೆ ಬಿತ್ತು. ಕೆಳಗೆ ಚಪ್ಪಾಳೆಯೂ ನಿಂತಿತು, ಟೀವಿಯೂ ನಿಂತಿತು. ಬೆಳಕಿಂಡಿಯ ಕೆಳಗೆ ನಾಗರತ್ನ ಬಂದು ಮುಖ ಮೇಲೆತ್ತಿದಳು.

"ರೀ, ಟೀವಿಯಾಗ ಆಡಿದ ಮಾತು ವಾಪಸ್ ತಗೊಳ್ಳಾಕ ಯಾರಿಗೆ ಫೋನ್ ಮಾಡ್ಬೇಕ್ರಿ?"