ಹ್ಯಾಶ್ ಟೇಬಲ್ಲಿಗೆ ಲಗ್ನಪತ್ರಿಕೆಯ ಕನ್ನಡ

ಈ ವಿಷಯ ಹೇಳಬೇಕೆಂದು ಹಲವು ಸಲ ಕೂತೆ, ಹಲವು ಸಲ ಎದ್ದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಹೇಳೋಣ ಎಂದುಕೊಂಡೆ. ತೆಗೆಸಿಕೊಂಡ ಮೇಲೆ ಹೊಸ ಕಣ್ಣಿಗೆ ಆಯಾಸವಾದೀತೆಂದು ಮುಂದೂಡಿದೆ. ಆಮೇಲೆ ಬಿಸಿಲು ಇಳಿಯಲಿ ಎಂದೆ. ಗದಗಿನಲ್ಲಿ ಬಿಸಿಲು ಇಳಿಯುವುದನ್ನು ಕಾಯುವವನಿಗೆ ನೆಪದ ಕೊರತೆ ಎಂದೂ ಆಗುವುದಿಲ್ಲ. ಆದರೆ ಮನೆಯಲ್ಲೇ ಒಬ್ಬರಿಗೆ ಅನ್ಯಾಯ ಮಾಡಿ, ಅವರು ಬಡಿಸಿದ ರೊಟ್ಟಿಯನ್ನೇ ತಿನ್ನುತ್ತ ಕೂರುವುದಕ್ಕೂ ಒಂದು ಮಿತಿ ಇರಬೇಕಲ್ಲ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಆಮೇಲೆ ಬೆಟಗೇರಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಪ್ರೆಸ್ಸು ಮುಚ್ಚುವವರೆಗೂ ಅಲ್ಲೇ ಇದ್ದೆ. ನಮ್ಮ ಹೊಟ್ಟೆ ತುಂಬಿಸಿದ್ದು ಲಗ್ನಪತ್ರಿಕೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಗದಗ ಜಿಲ್ಲೆಯಾದ ಮೇಲಂತೂ ‘ಸುಖಾಗಮನ ಬಯಸುವವರು’ ಇನ್ನೂ ಹೆಚ್ಚಾದರು. ಜಿಲ್ಲಾ ಕಚೇರಿಗೆ ಜವಾನನಾಗಿ ಸೇರಿದ ಸೋದರಮಾವನ ಹೆಸರು ಬಿಡಲಾದೀತೆ? ಆ ಕೆಲಸದಲ್ಲಿ ನಾನು ಕಲಿತ ಶೈಲಿ ಇಷ್ಟು: ಒಮ್ಮೆ ಬಳಸಿದ ಮಾತನ್ನು ಮತ್ತೆ ಬಳಸಬಾರದು, ಓದುವವರಿಗೆ ಅಪ್ಪಣೆ ಕೊಡಬಾರದು. ಅಕ್ಷತೆಗೆ ‘ಆಗಮಿಸಿ’ದವರು ಊಟಕ್ಕೆ ‘ದಯಮಾಡಿಸ’ಬೇಕು, ಆರತಕ್ಷತೆಗೆ ‘ಬಿಜಯಂಗೈಯ’ಬೇಕು. ಮನುಷ್ಯರು ಅವರೇ, ಬಸ್ಸೂ ಅದೇ.

ನಮ್ಮ ಸೊಸೆ ಶಿಗ್ಲಿಯವಳು. ಮಗ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದಾನೆ. ಸೊಸೆ ಮುಂಡರಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದು, ಮಗುವಾದ ಮೇಲೆ ಬಿಟ್ಟಿದ್ದಳು. ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಬಹಳ ದಿನದ ಮೇಲೆ ಅವಳಿಗೆ ಸಿಕ್ಕಿತು: ಒಂದು ಪ್ರೋಗ್ರಾಮಿಂಗ್ ಭಾಷೆಯ ಹೊಟ್ಟೆಯೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡುವುದು. ಮೊದಲು ಒಂದೇ ಅಧ್ಯಾಯ, ಹ್ಯಾಶ್ ಟೇಬಲ್ಲಿನ ಫಂಕ್ಷನ್‌ಗಳು. ಅದು ಒಪ್ಪಿಗೆಯಾದರೆ ಇಡೀ ಪುಸ್ತಕ ಅವಳದು, ಇಲ್ಲದಿದ್ದರೆ ಇನ್ಯಾರದೋ.

“ಹ್ಯಾಶ್ ಟೇಬಲ್ ಅಂದ್ರ ಏನವಾ?” ಎಂದು ಕೇಳಿದೆ.

“ನಿಮ್ಮ ಪ್ರೆಸ್ಸಿನ್ಯಾಗ ಮೊಳಿ ಇಡೂ ಗೂಡು ಇದ್ದುವಲ್ರಿ ಮಾವಾರ, ಹಂಗ. ಒಂದು ಹೆಸರು ಕೊಟ್ರ ಲೆಕ್ಕಾ ಹಾಕಿ ಯಾವ ಗೂಡಿನ್ಯಾಗ ಇಡಬೇಕು ಅಂತ ಹೇಳತೈತಿ. ಹುಡುಕುವಾಗೂ ಅದ ಲೆಕ್ಕ. ಎಲ್ಲಾ ಗೂಡಿಗೆ ಕೈ ಹಾಕಿ ತಡಕೂದು ಬ್ಯಾಡ.”

“ಎರಡು ಹೆಸರಿಗೆ ಒಂದ ಗೂಡು ಬಂದ್ರ?”

“ಒಂದರ ಬೆನ್ನಿಗೆ ಒಂದು ನಿಲ್ಲಸ್ತೀವ್ರಿ, ರೇಶನ್ ಪಾಳಿ ಇದ್ದಂಗ.”

“ಇಷ್ಟ ಏನು!” ಎಂದೆ. ಕಂಪ್ಯೂಟರ್ ಶಾಸ್ತ್ರ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು.

ಅಧ್ಯಾಯ ಬರೆದು ಮುಗಿಸುವ ಹೊತ್ತಿಗೆ ಶಿಗ್ಲಿಯಲ್ಲಿ ಅವಳ ತಂಗಿಯ ಸೀಮಂತ ಬಂತು. ಹೊರಡುವಾಗ, “ಮಾವಾರ, ಕಾಗುಣಿತ ಅಷ್ಟ ನೋಡ್ರಿ. ನೋಡಿ ಈ ಗುಂಡಿ ಒತ್ತಿಬಿಡ್ರಿ, ಹೋಗತೈತಿ,” ಎಂದಳು.

ಅಷ್ಟೇ ನೋಡಬಹುದಿತ್ತು. ಆದರೆ ಮೊದಲ ಪುಟದಲ್ಲೇ ‘ಗೂಡು’, ‘ಗೂಡು’, ಮತ್ತೆ ‘ಗೂಡು’. ಪಾಪ, ಸೊಸೆಗೆ ಶಬ್ದದ ಬಡತನ ಎನಿಸಿತು. ಕನ್ನಡಕ ಒರೆಸಿ, ಒಂದೇ ಬೆರಳಿನಿಂದ ತಿದ್ದತೊಡಗಿದೆ. ಕೊನೆಗೆ ಅದು ಹೀಗಾಯಿತು: ‘ಇಡುವ ಫಂಕ್ಷನ್ ಹೆಸರನ್ನು ಗೂಡಿನಲ್ಲಿ ಇಡುತ್ತದೆ, ಹುಡುಕುವ ಫಂಕ್ಷನ್ ಅದನ್ನು ಕೋಶದಲ್ಲಿ ಅರಸುತ್ತದೆ, ಅಳಿಸುವ ಫಂಕ್ಷನ್ ಅದನ್ನು ನೆಲೆಯಿಂದ ಬೀಳ್ಕೊಡುತ್ತದೆ.’ ‘ಬಳಸುವ ಮೊದಲು ಟೇಬಲ್ಲನ್ನು ಸಿದ್ಧಪಡಿಸಲೇಬೇಕು’ ಎಂದು ಅವಳು ಬರೆದಿದ್ದಳು. ಓದುವ ಹಿರಿಯರಿಗೆ ಹೀಗೆ ಜಬರಿಸುವುದೇ? ‘ಸಿದ್ಧಪಡಿಸಿ ನಮ್ಮನ್ನು ಹರ್ಷಗೊಳಿಸಬೇಕಾಗಿ ವಿನಂತಿ’ ಎಂದು ಮಾಡಿದೆ.

“ಆಕಿ ಬರದದ್ದಕ್ಕ ನೀವ್ಯಾಕ ಕೈ ಹಚ್ಚೀರಿ?” ಎಂದಳು ನನ್ನ ಹೆಂಡತಿ.

“ನಿನಗ ತಿಳಿಯಂಗಿಲ್ಲ, ಸುಮ್ನಿರು,” ಎಂದು ಗುಂಡಿ ಒತ್ತಿದೆ.

ಸೊಸೆ ಊರಿಂದ ಬಂದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಅವಳ ಕೈಗೆ ರೊಟ್ಟಿ ಹಿಟ್ಟು ಮೆತ್ತಿತ್ತು. ಹಾಗಾಗಿ ಸ್ಪೀಕರಿಗೆ ಹಾಕಿದ ಫೋನಿನ ಧ್ವನಿ ಇಡೀ ಮನೆಗೆ ಕೇಳುವಂತಿತ್ತು. ಮಾತಾಡಿದವರು ಅವಳ ಬರಹ ಪರೀಕ್ಷಿಸುವ ಧಾರವಾಡದ ಕಡೆಯ ಗೃಹಸ್ಥರು.

“ಮೇಡಮ್ಮಾರ, ಗೂಡಿನ್ಯಾಗ ಇಟ್ಟದ್ದನ್ನ ಕೋಶದಾಗ ಹುಡುಕಿದ್ರ ಸಿಗೂದು ಹೆಂಗ್ರಿ? ಎಲ್ಲಾ ಬ್ಯಾರೆ ಬ್ಯಾರೆ ಜಾಗಾ ಅಂತ ತಿಳಕೊಂಡು ನಾ ತಲಿ ಕೆಡಸ್ಕೊಂಡು ಕುಂತೀನಿ. ಮತ್ತ ಟೇಬಲ್ ಸಿದ್ಧಪಡಸೂದು ವಿನಂತಿ ಅಂತೀರಿ. ಓದಿ ಮಾಡಿ ನೋಡ್ರಿ ಅಂತ ಕೊಟ್ಟಿದ್ದ ಹುಡುಗೂರು, ಬರೇ ವಿನಂತಿ ಐತಿ, ಇರಲಿ ಅಂತ ಬಿಟ್ಟಬಿಟ್ರು. ಪ್ರೋಗ್ರಾಮು ಬೋರಲು ಬಿತ್ತು. ಹಿಂಗಾದ್ರ ಉಳದದ್ದು ಬ್ಯಾರೇದವ್ರಿಗೆ ಕೊಡಬೇಕಾಗತೈತಿ ನೋಡ್ರಿ.”

ಸೊಸೆ ನನ್ನತ್ತ ತಿರುಗಿದಳು. ನಾನು ಪೇಪರನ್ನು ಮುಖದವರೆಗೆ ಎತ್ತಿದೆ. ‘ಅದು ಅವಳದಲ್ಲ, ನನ್ನ ಕೆಲಸ’ ಎಂದು ನಾನು ಕೂಗಿದ್ದರೆ ಧಾರವಾಡದವರೆಗೂ ಕೇಳುತ್ತಿತ್ತು. ಪೇಪರಿನ ಈಚೆ ಕೂತ ನನಗೆ ಕೇಳಿದ್ದು ಅವಳ ಧ್ವನಿ: “ನಂದ ತಪ್ಪ್ರಿ ಸರ್. ಎಲ್ಲಾ ತಿದ್ದಿ ಕೊಡ್ತೀನಿ.”

ಕೈ ತೊಳೆದುಕೊಂಡು ಕೂತವಳು ಎಲ್ಲಾ ಕಡೆ ‘ಗೂಡು’ ಎಂದೇ ಮಾಡಿದಳು. ‘ಸಿದ್ಧಪಡಿಸಲೇಬೇಕು’ ಎಂದು ಜಬರಿಸಿದಳು. ನಾನು ಮೊಮ್ಮಗಳ ತೊಟ್ಟಿಲು ತೂಗಿದೆ. ಆ ಅಧ್ಯಾಯಕ್ಕೆ ನಾನು ಮಾಡಿದ ಉಪಕಾರ ಅದೊಂದೇ. ಅಧ್ಯಾಯ ಒಪ್ಪಿಗೆಯಾಯಿತು, ಪುಸ್ತಕ ಅವಳದಾಯಿತು, ಮಗ ಅಂಗಡಿಯಿಂದ ಬರುವಾಗ ಜಿಲೇಬಿ ತಂದ. ಅಧ್ಯಾಯದ ಕೊನೆಯ ಸಾಲಿನಲ್ಲಿ ಸೊಸೆ ‘ಭಾಷೆ ನೋಡಿಕೊಟ್ಟವರು’ ಎಂದು ನನ್ನ ಹೆಸರು ಹಾಕಿದ್ದಳು!

“ಇದ್ಯಾಕವಾ?” ಎಂದೆ.

“ಕಾಗುಣಿತ ನೀವ ನೋಡೀರಲ್ರಿ. ಅದ್ರಾಗ ಒಂದೂ ತಪ್ಪಿದ್ದಿಲ್ಲ.”

“ಅವತ್ತು ಫೋನಿನ್ಯಾಗ...” ಎಂದು ಶುರುಮಾಡಿದೆ.

“ಚಾ ಇನ್ನೊಂದೀಟು ಹಾಕ್ಲಿ?”

“ಹಾಕವಾ,” ಎಂದೆ. ನನ್ನ ಪಶ್ಚಾತ್ತಾಪ ಕಪ್ಪಿನಲ್ಲಿ ಕರಗಿತು.

ಆ ಕೊನೆಯ ಸಾಲನ್ನು ಮೊಬೈಲಿನಲ್ಲಿ ನಮ್ಮ ಓಣಿಯ ಎಲ್ಲರಿಗೂ ತೋರಿಸಿದ್ದೇನೆ. ಮಲ್ಲಸಮುದ್ರದ ಬೀಗರಿಗೆ ಎರಡು ಸಲ ತೋರಿಸಿದೆ. ಅದಕ್ಕೆ ನಾಚಿಕೆ ಅಡ್ಡ ಬರಲಿಲ್ಲ.

ಈಗ ಇಷ್ಟನ್ನು ಕಾಗದದ ಮೇಲೆ ಬರೆದದ್ದಾಯಿತು. ಇದನ್ನು ಟೈಪು ಮಾಡಲು ಸೊಸೆಗೇ ಕೊಡಬೇಕು. ಮಾಡುವಾಗ ಓದುತ್ತಾಳೆ, ಓದಿದರೆ ನಾನು ಕ್ಷಮೆ ಕೇಳಿದಂತೆಯೇ ಆಯಿತು ಎಂಬುದು ನನ್ನ ಉಪಾಯ. ಹೆಂಡತಿಗೆ ಹೇಳಿದೆ. “ಮಾರಿ ನೋಡಿ ಒಂದು ಮಾತು ಹೇಳಲಾರದಕ್ಕ ಇಷ್ಟುದ್ದ ಬರದ್ರ್ಯಾ?” ಎಂದಳು. ಖರೆ. ಇಲ್ಲಿಯೂ ನಾನು ‘ಸೊಸೆ’ ‘ಸೊಸೆ’ ಎಂದು ಬರೆದು ಮಾವನ ಗತ್ತಿನ ಹಿಂದೆ ಕೂತೇ ಇದ್ದೇನೆ. ಸೊಸೆಯ ಕ್ಷಮೆ ಕೇಳಲು ಮಾವನಾದವನಿಗೆ ಬಾಯಿ ಬರುವುದಿಲ್ಲ. ಹೆಸರು ಹಿಡಿದು ಕೂಗಿದರೆ ಬಂದೀತೇನೋ. ಅವಳ ಹೆಸರು ಸುಮಂಗಲಾ.