ನೆಟ್ಟಗಾದ ಡ್ರ್ಯಾಗ್ ಲಿಂಕ್ ಮಹಾಶಯರ ಮೇಲೊಂದು ದೂರು

ಮಾನ್ಯ ಡ್ರ್ಯಾಗ್ ಲಿಂಕ್ ಮಹಾಶಯರೇ,

ಸ್ಟೀರಿಂಗ್ ಪೆಟ್ಟಿಗೆಯಿಂದ ಮುಂದಿನ ಚಕ್ರದವರೆಗೆ ಕಬ್ಬಿಣದ ಸರಳಿನ ಮೈಚಾಚಿ, ಗ್ರೀಸು ಧೂಳುಗಳಲ್ಲಿಯೂ ಗಾಂಭೀರ್ಯ ಬಿಡದೆ ಮಲಗಿರುವ ತಮ್ಮ ಸನ್ನಿಧಿಗೆ, ಚಿಮಾಯೋ ಊರಿನ ಎಲೋಯ್ ವಿಹಿಲ್ ಅವರ ಅಣ್ಣನ ಮಗಳೂ ಇಂಜಿನಿಯರಿಂಗ್ ಮೊದಲ ವರ್ಷದವಳೂ ಆದ ಅಮಾದಾಳ ಸವಿನಯ ವಂದನೆಗಳು. ಸಿಸ್ಟರುಗಳ ಹಾಸ್ಟೆಲಿನಲ್ಲಿ ಬೆಳೆದ ನನಗೆ ದೂರು ಕೊಡುವ ಮೊದಲೇ ಕ್ಷಮೆ ಕೇಳಿ ಅಭ್ಯಾಸ, ಆದ್ದರಿಂದ, ಸಾರಿ.

ತಮಗೆ ತಿಳಿದಂತೆ, ಟ್ರಕ್ಕಿನ ಹೊಟ್ಟೆ ನೆಲಕ್ಕೆ ಹತ್ತಿರವಾದಷ್ಟೂ ನಮ್ಮೂರಿನಲ್ಲಿ ಮಾಲೀಕನ ತಲೆ ಮೇಲೇಳುತ್ತದೆ. ಎಲೋಯ್ ಚಿಕ್ಕಪ್ಪ ತಾತನ ಹಳೆಯ ಪಿಕಪ್ ಟ್ರಕ್ಕಿಗೆ ತಗ್ಗಿದ ಆಕ್ಸಲ್ ಹಾಕಿಸಿ, ಭಾನುವಾರ ಚರ್ಚಿನ ಪೂಜೆ ಮುಗಿದೊಡನೆ ಹೊರಡುವ ಗಾಡಿಗಳ ಸಾಲಿನಲ್ಲಿ, ಕಿಟಕಿಗೆ ಮೊಣಕೈ ಊರಿ, ಸ್ಟೀರಿಂಗನ್ನು ಎರಡೇ ಬೆರಳಲ್ಲಿ ಹಿಡಿದು ಸಾಗತೊಡಗಿದರು. ಎರಡು ಕೈಯಿಂದ ಹಿಡಿಯುವುದು ಇಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ.

ಆದರೆ ಆಕ್ಸಲ್ ತಗ್ಗಿಸುವಾಗ ತಮ್ಮನ್ನು ಯಾರೂ ಕೇಳಲಿಲ್ಲ. ಮಟ್ಟವಾಗಿ ಮಲಗಿರಬೇಕಾದ ತಾವು ಒಂದು ತುದಿ ಮೇಲೇರಿ ಓರೆಯಾದಿರಿ. ರಸ್ತೆಯ ಉಬ್ಬು ಬಂದಾಗ ಸ್ಪ್ರಿಂಗು ಒಂದು ಕಮಾನಿನಲ್ಲಿ ಏರಿದರೆ ತಾವು ಇನ್ನೊಂದರಲ್ಲಿ ಏರಿ, ಚಾಲಕರ ಅನುಮತಿಯಿಲ್ಲದೆ ಚಕ್ರವನ್ನು ಬಲಕ್ಕೆ ಹೊರಳಿಸಿದಿರಿ. ನಮ್ಮ ಬೀದಿಯಲ್ಲಿರುವುದು ಒಂದೇ ಉಬ್ಬು. ಅದರ ಬಲಕ್ಕೆ ವಿಧವೆ ದೋನ್ಯಾ ಒತೀಲಿಯಾ ಅವರ ಬೇಲಿ (ದೋನ್ಯಾ ಎಂದರೆ ನಮ್ಮಲ್ಲಿ ಅಮ್ಮಾವ್ರು).

"ಏನ್ರೀ ಎಲೋಯ್, ಇಷ್ಟಗಲ ರಸ್ತೆ ಸಾಲ್ದೇನ್ರೀ ನಿಮ್ಗೆ?" ಎಂದು ಆಕೆ ಮೊದಲ ಸಲ ಕೂಗಿದರು. "ನಾನಲ್ಲ ದೋನ್ಯಾ, ಟ್ರಕ್ಕು" ಎಂದು ಚಿಕ್ಕಪ್ಪ ಬೇಲಿ ಕಟ್ಟಿಕೊಟ್ಟರು. ಮುಂದಿನ ಭಾನುವಾರ ಬೇಲಿ ಮತ್ತೆ ಮಲಗಿತು. "ಇವತ್ತೂ ಟ್ರಕ್ಕೇನಾ?" ಎಂಬ ಬೈಗುಳದ ಜೊತೆ ಕಾಫಿ ಬಂತು. ಆಮೇಲೆ ಸೋಂಪಿನ ಬಿಸ್ಕತ್ತೂ ಬಂದು, ಬೈಗುಳ ಊಟದ ಹೊತ್ತಿನವರೆಗೂ ಬೆಳೆಯಿತು. ಕಾಲೇಜಿನಲ್ಲಿದ್ದ ನನಗೆ ಫೋನಿನಲ್ಲಿ ಗೊತ್ತಾದದ್ದು ಬೈಗುಳ ಮಾತ್ರ. ಆಕೆ ಪೊಲೀಸಿಗೆ ಹೋಗುತ್ತಾರೆ, ಚಿಕ್ಕಪ್ಪನ ಲೈಸೆನ್ಸು ಹೋಗುತ್ತದೆ ಎಂಬ ಟೆನ್ಶನ್ನಿನಲ್ಲಿ ರಜೆಗೆ ಓಡಿಬಂದವಳೇ ಕೆಳಕ್ಕೆ ಬಾಗಿದ ಸ್ಟೀರಿಂಗ್ ಆರ್ಮ್ ತರಿಸಿ, ತಮ್ಮನ್ನು ಮಟ್ಟ ಹಿಡಿದು ನೆಟ್ಟಗೆ ಮಲಗಿಸಿದೆ. ಚಿಕ್ಕಪ್ಪ ನಿಂತು ನೋಡಿದರು. "ಅಷ್ಟೇನು ಅರ್ಜೆಂಟಿತ್ತಮ್ಮಾ?" ಎಂದರು, ಅಷ್ಟೆ.

ತಾವಾದರೂ ಒಂದು ಕಿರ್ರೆನ್ನಬಹುದಿತ್ತು, ಮಹಾಶಯರೇ.

ಹೋದ ಭಾನುವಾರ ಚಿಕ್ಕಪ್ಪ, ಅಜ್ಜಿ, ನಾನು ಒಂದೇ ಸೀಟಿನಲ್ಲಿದ್ದೆವು. ದೋನ್ಯಾ ಒತೀಲಿಯಾ ಬಿಸ್ಕತ್ತಿನ ತಟ್ಟೆ ಹಿಡಿದು ಬೇಲಿಯ ಬಳಿ ಕಾದಿದ್ದರು. ಉಬ್ಬು ಬಂತು. ತಾವು ಗೆರೆ ಎಳೆದಂತೆ ನಡೆದಿರಿ. ಇಂಥ ಶಿಸ್ತು, ಇಂಥ ಕರ್ತವ್ಯನಿಷ್ಠೆ ಸರ್ಕಾರಿ ಕಚೇರಿಗಳಲ್ಲೂ ಕಾಣಸಿಗದು! "ಓ, ರಿಪೇರಿ ಆಯ್ತಾ?" ಎಂದು ಆಕೆ ಸಪ್ಪಗೆ ಕೇಳಿದ ದನಿಗೆ ನನ್ನ ಕಿವಿ ಬಿಸಿಯಾಯಿತು. ತಾವು ಸೋಮವಾರದಿಂದ ಶನಿವಾರದವರೆಗೆ ನೆಟ್ಟಗಿದ್ದು, ಭಾನುವಾರ ಪೂಜೆಯ ನಂತರ ಅದೊಂದೇ ಉಬ್ಬಿನಲ್ಲಿ, ಬೇಲಿಗೆ ತಾಗದಷ್ಟು, ತಟ್ಟೆಗೆ ಕೈ ಎಟಕುವಷ್ಟು ಮಾತ್ರ ಓರೆಯಾಗಲು ಸಾಧ್ಯವೇ ಎಂದು ಅಲ್ಲೇ ಮನಸ್ಸಿನಲ್ಲಿ ತಮಗೆ ಅರ್ಜಿ ಬರೆದೆ.

ಅರ್ಜಿ ತಮಗಿದ್ದರೂ ಉತ್ತರಿಸಿದವರು ಅಜ್ಜಿ. "ಎಲೋಯ್, ಅರವತ್ತಾಗ್ತಾ ಬಂತಲ್ಲೋ. ಇನ್ನೂ ಎಷ್ಟು ದಿನ ಕಬ್ಬಿಣದ ಕೈಲಿ ಹೇಳಿಸ್ತೀಯ?"

ಚಿಕ್ಕಪ್ಪ ನಡುರಸ್ತೆಯಲ್ಲಿ ಬ್ರೇಕು ಒತ್ತಿದರು. ಹಿಂದಿನ ಸಾಲೆಲ್ಲ ನಿಂತು ಹಾರ್ನು ಹೊಡೆಯಿತು. ಅವರು ಕೆಳಗಿಳಿದು, ಟೋಪಿ ತೆಗೆದು, ಅಷ್ಟೂ ಗಾಡಿಗಳ ಕಣ್ಣೆದುರಿಗೇ ಬೇಲಿಯತ್ತ ಹಿಂದಕ್ಕೆ ನಡೆದು ಹೋದರು.

"ಟ್ರಕ್ಕು ನೆಟ್ಟಗಿದೆ ದೋನ್ಯಾ. ಇವತ್ತು ನಾನೇ ಬಂದೆ."

"ಗೇಟು ಅಂತ ಒಂದಿದೆ, ನೋಡಿದೀರಾ? ಈ ಕಡೆಯಿಂದ ಬನ್ನಿ."

ಈ ಸಂಗತಿಯಲ್ಲಿ ತಮ್ಮ ಪಾಲು ಏನೂ ಇಲ್ಲವೆಂಬುದನ್ನು ದಾಖಲಿಸಲು ವಿಷಾದಿಸುತ್ತೇನೆ.

ತಮ್ಮ ವಿಶ್ವಾಸಿ,
ಅಮಾದಾ ವಿಹಿಲ್

ವಿ.ಸೂ.: ಚಿಕ್ಕಪ್ಪನ ಗೆಳೆಯರಿಬ್ಬರು, ಇಬ್ಬರೂ ಒಂಟಿ, ತಾವು ಹಿಂದೆ ಎಷ್ಟು ಓರೆಯಾಗಿದ್ದಿರೆಂದು ಗುಟ್ಟಾಗಿ ವಿಚಾರಿಸುತ್ತಿದ್ದಾರೆ. ತಾವು ಮದುವೆ ದಲ್ಲಾಳಿತನಕ್ಕೆ ಮರಳಬಾರದೆಂದು ಎರಡೂ ತುದಿಯ ನಟ್ಟುಗಳು ಬಿಚ್ಚಿಬಾರದಂತೆ ಪಿನ್ನು ತೂರಿಸಿ, ಅವುಗಳ ಕಾಲು ಬಗ್ಗಿಸಿದ್ದೇನೆ.