ಮಾವನ ಕಿವಿಗೆ ಒಪ್ಪದ ಸ್ಟೀರಿಯೋ

ಎಲ್ಲರೂ ಕಾರನ್ನು ಕಣ್ಣಿನಿಂದ ನೋಡಿ ಕೊಳ್ಳುತ್ತಾರೆ. ನಮ್ಮ ಸೋದರಮಾವ ಕಿವಿಯಿಂದ ನೋಡಿ ಕೊಂಡರು!

ಸುಳ್ಳಲ್ಲ, ಪಕ್ಕದಲ್ಲಿ ನಾನೇ ನಿಂತಿದ್ದೆ. ಧರ್ಮಪುರಿಯಲ್ಲಿ ಒಬ್ಬ ಕಾಂಟ್ರಾಕ್ಟರು ಮಾರುತ್ತಿದ್ದ ಏಳು ಸೀಟಿನ ಗಾಡಿ. ಗಾಡಿ ಅನ್ನೋದಕ್ಕಿಂತ ಚಕ್ರ ಇರುವ ಮನೆ ಅನ್ನಬಹುದು. ಆತ ಮೈಲೇಜು ಹೇಳಲು ಬಾಯಿ ತೆರೆದರೆ ಮಾವ ಕೈ ಅಡ್ಡ ಹಿಡಿದರು. ಆಮೇಲೆ ಒಂದೊಂದೇ ಬಾಗಿಲು ತೆಗೆದು ಹಾಕಿ, ಕಣ್ಣು ಮುಚ್ಚಿ ಸದ್ದು ಕೇಳಿದರು. ಹಿಂದಿನದೂ ಸೇರಿ ಐದು ಬಾಗಿಲು, ಒಂದೊಂದಕ್ಕೆ ಮೂರು ಸಲ! ಕಾಂಟ್ರಾಕ್ಟರನ ಮುಖ ಕೆಂಪಗಾಯಿತು.

"ಎನ್ನಣ್ಣೇ, ಕದವು ಮಟ್ಟುಂ ವಾಂಗ ವಂದೀಂಗಳಾ?" ಅಂದ. ಬರೀ ಬಾಗಿಲು ಕೊಳ್ಳೋಕೆ ಬಂದ್ರಾ ಅಂತ!

"ಗಟ್ಟಿ ಮರದ ಪೆಟ್ಟಿಗೆ ಮುಚ್ಚಿದಂಗೈತೆ. ಗಾಡಿ ಒಳ್ಳೇದು," ಅಂದರು ಮಾವ. ವ್ಯಾಪಾರ ಮುಗಿಯಿತು. ಮನೆಯಲ್ಲಿ ಅತ್ತೆ, "ಯಾವ ಬಣ್ಣ?" ಅಂತ ಕೇಳಿದಾಗ ಮಾವ ನನ್ನ ಮುಖ ನೋಡಿದರು!

ಮಾವನ ಕಿವಿ ಅಂದರೆ ತಮಿಳುನಾಡಿನ ನಮ್ಮ ಕನ್ನಡ ಬಳಗದಲ್ಲಿ ಸಣ್ಣ ಸಂಗತಿಯಲ್ಲ. ಓಮಲೂರಿನಲ್ಲಿ ಅವರದು ಎಂಟು ಪವರ್‌ಲೂಮ್ ಮಗ್ಗಗಳ ಶೆಡ್ಡು. ಎಂಟೂ ಒಟ್ಟಿಗೆ ಓಡುವಾಗ ಒಳಗೆ ಮಾತಾಡಬೇಕಾದರೆ ಇನ್ನೊಬ್ಬರ ಕಿವಿಗೆ ಬಾಯಿ ಹಚ್ಚಬೇಕು. ಮಾವ ಮಾತ್ರ ಬೀದಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಮೂರನೇದ್ರಲ್ಲಿ ಬೋಲ್ಟ್ ಸಡಿಲ ಆಗೈತೆ, ಓಗಿ ನೋಡ್ರಲಾ," ಅನ್ನುತ್ತಿದ್ದರು. ಹೋಗಿ ನೋಡಿದರೆ ಸಡಿಲ ಆಗಿರುತ್ತಿತ್ತು. ಹಿಂದೊಮ್ಮೆ ನಲ್ಲಂಪಳ್ಳಿಯಲ್ಲಿ ಒಂದು ಮದುವೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಮಾವ ನಾದಸ್ವರದವರ ಹತ್ತಿರ ಹೋಗಿ, "ನಿಮ್ಮ ಪೀಪಿ ಸೀಳೈತೆ, ಬದಲಾಯ್ಸಿ," ಅಂದುಬಿಟ್ಟರು. ಆ ವಿದ್ವಾಂಸರು ಕೆಂಡವಾಗಿ ವಾದ್ಯದ ಬಾಯಿಂದ ಪೀಪಿ ಕಿತ್ತು ಎಲ್ಲರಿಗೂ ಹಿಡಿದು ತೋರಿಸಿದರು. ಸೀಳಿತ್ತು! ಮದುಮಗನ ಕೈಯಲ್ಲಿ ತಾಳಿ ಹಾಗೇ ನಿಂತಿತ್ತು, ಮದುಮಗಳ ತಂದೆ ಮಾವನನ್ನು ಇವತ್ತಿಗೂ ಮಾತಾಡಿಸುವುದಿಲ್ಲ.

ಇಂಥ ಕಿವಿಗೆ ಕಂಪನಿಯವರೇ ಕೊಟ್ಟ ಸ್ಟೀರಿಯೋ ಒಪ್ಪುತ್ತದೆಯೇ? ಮೊದಲ ದಿನವೇ ಮಾವ ತೀರ್ಪು ಕೊಟ್ಟರು. "ಲೇ, ಇದೇನ್ಲಾ ಇದು? ಪಾಟು ಆಡೋನು ಕಂಬಳಿ ಒದ್ಕೊಂಡು ಆಡ್ದಂಗೈತೆ." ಪಾಟು ಅಂದರೆ ಹಾಡು.

ನನಗೇನೋ ಚೆನ್ನಾಗಿಯೇ ಕೇಳಿಸುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಅತ್ತೆಗೆ ಇನ್ನೂ ಚೆನ್ನಾಗಿ. "ಕಂಬಳಿನೂ ಇಲ್ಲ, ದುಪ್ಪಟಿನೂ ಇಲ್ಲ. ಆ ಸೌಂಡು ಕಮ್ಮಿ ಮಾಡಿ, ತಲೆ ನೋಯ್ತೈತೆ," ಅಂದರು. ಆದರೆ ನಾನು ಸೇಲಂನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು, ಅತ್ತೆ ಅಡುಗೆ ಮಾಡುವವರು. ಕಿವಿಯ ವಿಷಯದಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ? ಹಿಂದಿನ ತಿಂಗಳಷ್ಟೇ ಮಾವ ಹೊಸ ಕುಕ್ಕರನ್ನು ಅಂಗಡಿಗೆ ವಾಪಸು ಕೊಟ್ಟು ಬಂದಿದ್ದರು. ಕಾರಣ? ಅದು ಕೂಗುವುದೇ ಇಲ್ಲವಂತೆ! ಪಕ್ಕದ ಮನೆಯವರು ಆ ಕೂಗು ಎಣಿಸಿ ತಮ್ಮ ಬೇಳೆ ಇಳಿಸುತ್ತಿದ್ದರು, ಪಾಪ.

ಅಲ್ಲಿಂದ ನನ್ನ ಭಾನುವಾರಗಳು ಹೋದವು. ಪ್ರತಿ ಭಾನುವಾರ ಬೆಳಿಗ್ಗೆ ಫೋನು. "ಅಳಿಯಾ, ಬಸ್ ಅತ್ತಿ ಬಂದ್ಬಿಡು. ಗಾಡಿ ಬಿಚ್ಚಿಸ್ಬೇಕು."

ಮೊದಲು ಬದಲಾದದ್ದು ಮುಂದಿನ ಸ್ಕ್ರೀನು. ಹಳೆಯದನ್ನು ಕಿತ್ತು ತಟ್ಟೆಯಷ್ಟು ಅಗಲದ ಹೊಸದನ್ನು ಕೂರಿಸಿದರು. ಆದರೆ ಅದರೊಳಗಿಂದ ದಾರಿ ಹೇಳುವ ಹೆಂಗಸು ಮಾತಾಡುವುದು ಚೀನೀ ಭಾಷೆ! ಭಾಷೆ ಬದಲಾಯಿಸುವ ಗುಂಡಿ ಎಲ್ಲಿದೆ ಎಂಬುದೂ ಚೀನೀ ಭಾಷೆಯಲ್ಲೇ ಬರೆದಿತ್ತು. ಒಂದು ವಾರ ಮಾವ ಅವಳ ಜೊತೆ ಕನ್ನಡದಲ್ಲೇ ಸಂಸಾರ ನಡೆಸಿದರು. ಅವಳು ಏನೋ ಅಂದರೆ, "ಆಗ್ಲಮ್ಮಾ, ಮುಂದೆ ತಿರುಗ್ತೀನಿ, ವಸಿ ತಾಳು," ಅನ್ನುವರು. ಅತ್ತೆ ನನ್ನ ಕಡೆ ತಿರುಗಿ, "ನಂಗೆ ಇಷ್ಟು ಮರ್ಯಾದೆಯಾಗಿ ಒಂದಿನಾನೂ ಬದಲು ಏಳಿಲ್ಲ ನಿಮ್ಮ ಮಾವ," ಅಂದರು.

ಸ್ಕ್ರೀನು ಬಂದರೂ ಕಂಬಳಿ ಹೋಗಲಿಲ್ಲ. ಬಾಗಿಲುಗಳ ಸ್ಪೀಕರು ಬದಲಾದವು. ಬಾಗಿಲು ನಡುಗಬಾರದು ಅಂತ ಒಳಗೆಲ್ಲ ಕಪ್ಪು ಅಂಟಿನ ಹಾಳೆ ಮೆತ್ತಿಸಿದರು. ಈಗ ಬಾಗಿಲು ಹಾಕಬೇಕಾದರೆ ಅತ್ತೆ ಎರಡೂ ಕೈಯಲ್ಲಿ ಎಳೆಯಬೇಕು! ಕಂಬಳಿ ಹಾಗೇ ಇತ್ತು. ಆಮೇಲೆ ಕನ್ನಡಿಗಳ ಹತ್ತಿರ ಕೀರಲು ಸದ್ದಿಗೆಂದೇ ಇರುವ ಬೆಳ್ಳಿ ಬಣ್ಣದ ಪುಟ್ಟ ಟ್ವೀಟರುಗಳು ಬಂದವು. ಮಾವ ಅವುಗಳಿಗೆ ಕಿವಿಯನ್ನೇ ಅಂಟಿಸಿ ಕೂತು, "ಇದು ಊಮೆ," ಅಂದರು. ಊಮೆ ಅಂದರೆ ಮೂಗ. ಆ ಮೂಗನ ಕಿರುಚಾಟಕ್ಕೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು!

ಕೊನೆಗೆ ಹಿಂದಿನ ಎರಡು ಸೀಟು ಕಿತ್ತು, ದಪ್ಪ ಸದ್ದಿಗೆಂದು ಅಕ್ಕಿ ಮೂಟೆಯಷ್ಟು ದೊಡ್ಡ ವೂಫರು ಇಟ್ಟರು. ಏಳು ಜನರ ಗಾಡಿ ಐದು ಜನರದ್ದಾಯಿತು. ನೆಂಟರಲ್ಲಿ ಇಬ್ಬರಿಗೆ ಕೋಪ ಬಂತು. ಯಾವ ಇಬ್ಬರ ಸೀಟು ಹೋಯಿತು ಅಂತ ಮಾವ ಹೇಳಿರಲಿಲ್ಲ, ಆದರೂ ಬಂತು!

ವೂಫರಿನ ಮೊದಲ ಸವಾರಿ ಮೇಚೇರಿಗೆ. ಅಂದು ಅಲ್ಲಿ ಕುರಿ ಸಂತೆ ಇದೆ ಎಂಬುದು ನಮ್ಮಿಬ್ಬರಿಗೂ ನೆನಪಿರಲಿಲ್ಲ. ಊರ ಹೊರಗೆ ಒಂದು ದೊಡ್ಡ ಮಂದೆ ರಸ್ತೆ ದಾಟುತ್ತಿತ್ತು. ಮಾವ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, ಹೊತ್ತು ಹೋಗಲಿ ಅಂತ ಪಾಟು ಜೋರು ಮಾಡಿದರು. ದುಮ್ ಅಂತ ಮೊದಲ ಏಟು ಬಿತ್ತು ನೋಡಿ, ಇಡೀ ಮಂದೆ ನಿಂತುಬಿಟ್ಟಿತು. ಎರಡನೇ ಏಟಿಗೆ ಎಲ್ಲ ಕುರಿಗಳೂ ನಮ್ಮ ಕಡೆ ತಿರುಗಿದವು. ಮೂರನೆಯದಕ್ಕೆ ಗಾಡಿಯ ಸುತ್ತ ಸೇರಿಕೊಂಡವು! ಬಸ್ಸು, ಲಾರಿ, ಹಾಲಿನ ವ್ಯಾನು, ಎಲ್ಲವೂ ಹಿಂದೆ ಸಾಲುಗಟ್ಟಿದವು. ಕುರಿಯವನು ಕೋಲು ಎತ್ತಿಕೊಂಡು, "ಅಣ್ಣೇ, ಪಾಟ್ಟ ನಿರುತ್ತುಂಗ!" ಅಂತ ಕೂಗಿದ, ಪಾಟು ನಿಲ್ಲಿಸಿ ಅಂತ. ಮಾವನಿಗೆ ಅದು ಕೇಳಿಸಲಿಲ್ಲ. ಅವರು ಕುರಿಗಳನ್ನೇ ನೋಡುತ್ತ, "ನೋಡ್ಲಾ ಅಳಿಯಾ, ಎಂಗೆ ಕೇಳ್ತವೆ! ನಿಮ್ಮತ್ತೆಗಿಂತ ಇವುಕ್ಕೆ ಗ್ನಾನ ಐತೆ," ಅಂದರು. ನಾನೇ ಕೈ ಚಾಚಿ ಸ್ಟೀರಿಯೋ ಆರಿಸಿದೆ. ಆಗಲೂ ಎರಡು ಕುರಿ ಒಂದಷ್ಟು ದೂರ ನಮ್ಮ ಹಿಂದೆಯೇ ಬಂದವು.

"ಈಗಲಾದ್ರೂ ಸಮಾಧಾನ ಆಯ್ತಾ?" ಅಂದೆ.

"ದುಮ್ ದುಮ್ ಚೆನ್ನಾಗೈತೆ. ಆದ್ರೆ ಮೇಲ್ಗಡೆ ಏನೂ ಇಲ್ಲ ಕಣ್ಲಾ," ಅಂದರು ಮಾವ, ಬೇಸರದಿಂದ.

ಆಗ ಯಾರೋ ಹೇಳಿದ್ದು, ನಲ್ಲಂಪಳ್ಳಿ ಹತ್ತಿರ ಒಬ್ಬಳು ಹೆಣ್ಣುಮಗಳು ಇದ್ದಾಳೆ, ಅವಳು ಸ್ಪೀಕರು ಮಾರುವುದಿಲ್ಲ, ಇರುವ ಸ್ಪೀಕರನ್ನೇ ಲ್ಯಾಪ್‌ಟಾಪ್ ಇಟ್ಟು ಗಾಡಿಗೆ ಹೊಂದಿಸುತ್ತಾಳೆ ಅಂತ. ಮುಂದಿನ ಭಾನುವಾರ ನಾವು ಮೂವರೂ ಅಲ್ಲಿದ್ದೆವು. ಅತ್ತೆ ಬಂದದ್ದು ಸ್ಟೀರಿಯೋದ ಆಸೆಗಲ್ಲ. "ಉಳಿದ ಸೀಟು ಕೀಳಿಸ್ಬಿಟ್ರೆ? ನಾನು ಕಾವಲಿಗೆ ಬತ್ತೀನಿ," ಅಂತ!

ತಗಡಿನ ಶೆಡ್ಡು, ನೀಲಿ ಕೋಟು ತೊಟ್ಟ ಮೂವತ್ತರ ಆಸುಪಾಸಿನ ಹೆಂಗಸು. ಅವಳೂ ಮನೆಯಲ್ಲಿ ಕನ್ನಡ ಮಾತಾಡುವವಳೇ. ಮಾವನ ದೂರನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಡ್ರೈವರ್ ಸೀಟಿನಲ್ಲಿ ಅವರನ್ನು ಕೂರಿಸಿ, ತಲೆಯ ಪಕ್ಕ ಒಂದು ಪುಟ್ಟ ಮೈಕು ನಿಲ್ಲಿಸಿದಳು.

"ಅಪ್ಪಾ, ಒಂದು ಸದ್ದು ಬತ್ತದೆ. ಸಣ್ಣಗಾಗ್ತಾ ಆಗ್ತಾ ಮೇಲಕ್ಕೆ ಓಯ್ತದೆ. ನಿಮಗೆ ಅದು ಕೇಳ್ದೆ ಓದ್ರೆ ಕೈ ಎತ್ತಿ, ಆಯ್ತಾ?"

"ನನ್ ಕಿವಿಗಾ ಪರೀಕ್ಷೆ? ಇಡಮ್ಮಾ," ಅಂತ ಮಾವ ನಕ್ಕು, ಅಭ್ಯಾಸದಂತೆ ಕಣ್ಣು ಮುಚ್ಚಿದರು.

ಸದ್ದು ಹೊರಟಿತು. ಗುಂಯ್ ಅಂತ ಶುರುವಾಗಿ, ಕೊಳಲಿನಷ್ಟಾಗಿ, ಶಿಳ್ಳೆಯಷ್ಟಾಯಿತು. ಮಾವ ಕೈ ಎತ್ತಿದರು.

"ನಿಂತೋಯ್ತು ನೋಡು. ನಿನ್ ಮಿಷಿನ್ನು ಕಟ್ ಆಗೈತೆ."

ನಿಂತಿರಲಿಲ್ಲ. ಸದ್ದು ಇನ್ನೂ ಏರುತ್ತಿತ್ತು, ಕಿವಿಯೊಳಗೆ ಸೂಜಿ ಆಡಿಸಿದಂತೆ. ಶೆಡ್ಡಿನ ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಹೊರಗೆ ಹೋಯಿತು. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡಿದ್ದರು. ನಾನು ಬೆರಳು ಕಿವಿಯವರೆಗೂ ತಂದವನು ಅಲ್ಲೇ ನಿಂತೆ. ಮಾವ ಮಾತ್ರ ಕಣ್ಣು ಮುಚ್ಚಿಕೊಂಡು, ಕೈ ಎತ್ತಿಕೊಂಡು, ನಿಶ್ಚಿಂತೆಯಿಂದ ಕೂತಿದ್ದರು.

ಆಗ ನನಗೆ ಹೊಳೆಯಿತು. ಮೂವತ್ತೈದು ವರ್ಷ ಆ ಎಂಟು ಮಗ್ಗಗಳ ನಡುವೆ ನಿಂತ ಮನುಷ್ಯ! ಕುಕ್ಕರು ಕೂಗುತ್ತಿತ್ತು. ಟ್ವೀಟರು ಮೂಗನಾಗಿರಲಿಲ್ಲ. ಕಂಪನಿಯ ಸ್ಟೀರಿಯೋದಲ್ಲಿ ಮೊದಲಿಂದಲೂ ಏನೂ ಊನ ಇರಲಿಲ್ಲ.

ಮಾವ ಕಣ್ಣು ತೆರೆದು ನನ್ನ ಕಡೆ ನೋಡಿದರು. ನನ್ನ ಬೆರಳನ್ನೂ ನೋಡಿದರೋ ಏನೋ. "ಯಾಕ್ಲಾ ಅಳಿಯಾ? ನಿಂಗೆ ಕೇಳ್ತೈತಾ?"

ನಾನು ಹೊರಗೆ ನೋಡಿದೆ. "ಇಲ್ಲ ಮಾವ. ನಿಂತೋಯ್ತು."

ಆ ಹೆಂಗಸು ನನ್ನ ಮುಖ ನೋಡಿದಳು, ಹಿಂದೆ ಅತ್ತೆಯ ಮುಖ ನೋಡಿದಳು. ಅತ್ತೆ ಮೆಲ್ಲಗೆ ಸೆರಗು ಇಳಿಸಿದರು. ಆಕೆ ಒಂದು ಗುಂಡಿ ಒತ್ತಿ ಸದ್ದು ನಿಲ್ಲಿಸಿ, "ಆಮಾ ಅಪ್ಪಾ, ನೀವೇಳಿದ್ದು ದಿಟ, ವಯರ್ ಲೂಸ್ ಐತೆ, ಸರಿ ಮಾಡ್ತೀನಿ," ಅಂದಳು.

ಆಮೇಲೆ ಅರ್ಧ ದಿನ ಕೂತು ಅವಳು ಏನು ಮಾಡಿದಳೋ, ನನಗೆ ಪೂರ್ತಿ ಅರ್ಥವಾಗಲಿಲ್ಲ. ಮಾವನಿಗೆ ಯಾವುದು ಕೇಳಿಸುತ್ತದೆ ಅಂತ ವಿಚಾರಿಸಿ ವಿಚಾರಿಸಿ, ಅವರ ಕಿವಿಗೆ ಎಟುಕದ ಕಡೆ ಏರಿಸಿ, ಉಳಿದ ಕಡೆ ಇಳಿಸಿದಳು ಅಂತ ಕಾಣುತ್ತದೆ. ಕೊನೆಗೆ ಒಂದು ಹಳೇ ಭಜನೆ ಪಾಟು ಹಾಕಿದಳು. ಮಾವ ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡರು.

"ಜಾಲ್ರಾ!" ಅಂದರು. ಭಜನೆಯಲ್ಲಿ ಬಾರಿಸುವ ಪುಟ್ಟ ತಾಳಕ್ಕೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. "ಇದ್ರಲ್ಲಿ ಜಾಲ್ರಾ ಇತ್ತು ಕಣ್ಲಾ. ನಾಲ್ಕೈದು ವರ್ಷದಿಂದ ಎಲ್ಲೋಯ್ತು, ಎಲ್ಲೋಯ್ತು ಅಂತ ಉಡುಕ್ತಿದ್ದೆ."

ಕಣ್ಣು ಒರೆಸಿಕೊಂಡರು. ಎಪ್ಪತ್ತಕ್ಕೆ ಹತ್ತಿರವಾದ ಮನುಷ್ಯ, ಆ ಹೆಂಗಸಿಗೆ ಎರಡೂ ಕೈ ಎತ್ತಿ ಮುಗಿದರು.

ವಾಪಸು ಬರುವಾಗ ತೊಪ್ಪೂರು ಇಳಿಜಾರಿನಲ್ಲಿ ಲಾರಿಗಳ ಹಿಂದೆ ನಿಧಾನವಾಗಿ ಇಳಿಯುತ್ತಿದ್ದೆವು. ಗಾಡಿಯೊಳಗೆ ಜಾಲ್ರಾ ಸಾವಿರ ಚಮಚ ಉದುರಿದಂತೆ ಕೇಳುತ್ತಿತ್ತು. ಅತ್ತೆ ಚೀಲದಿಂದ ದೀಪದ ಬತ್ತಿಗೆ ಇಟ್ಟ ಹತ್ತಿ ತೆಗೆದು ತಮ್ಮ ಕಿವಿಗೆ ತುರುಕಿಕೊಂಡು, ಸದ್ದಿಲ್ಲದೆ ನನ್ನ ಹೆಗಲ ಮೇಲಿಂದ ಒಂದಿಷ್ಟು ಮುಂದಕ್ಕೆ ಚಾಚಿದರು.

"ಎಂಗೈತೆ?" ಅಂತ ಮಾವ ಕನ್ನಡಿಯಲ್ಲಿ ನೋಡಿ ಅತ್ತೆಯನ್ನು ಕೇಳಿದರು.

"ಇನ್ನೊಂಚೂರು ಜಾಸ್ತಿನೇ ಇಡಿ," ಅಂದರು ಅತ್ತೆ.

ಮಾವ ಜಾಸ್ತಿ ಮಾಡಲಿಲ್ಲ. ಇಳಿಜಾರು ಮುಗಿಯಿತು. ಆಮೇಲೆ ಸ್ಟೀರಿಯೋ ಪೂರ್ತಿ ಆರಿಸಿದರು.

"ಅಳಿಯಾ, ಆ ಸದ್ದು... ನಿಂಗೆ ನಿಜವಾಗ್ಲೂ ಕೇಳಿಸ್ಲಿಲ್ವಾ?"

"ಇಲ್ಲ ಮಾವ."

ಮಾವ ರಸ್ತೆಯನ್ನೇ ನೋಡುತ್ತ ನನ್ನ ತೊಡೆಯ ಮೇಲೆ ಕೈ ಇಟ್ಟರು.

"ಇಷ್ಟು ಚಿಕ್ಕ ವಯಸ್ಸಿಗೆ ಅಂಗಾಗ್ಬಾರ್ದು. ಒಂದಿನ ಡಾಕ್ಟ್ರತ್ರ ಓಗ್ಬರಾನ. ನಿಂಗೆ ಒಬ್ನೇ ಓಗೋಕೆ ಭಯ ಆಯ್ತದೆ, ನಂಗೊತ್ತು. ನಾನೂ ನಿನ್ ಪಕ್ಕದಲ್ಲಿ ಕೂತು ತೋರ್ಸ್ಕೊತೀನಿ, ಬಿಡು."